ಜೋಡಿ ಟ್ಯಾಂಕ್: ಗಾಳಿ ಎಲ್ಲಿ ಹೋಯಿತು?

ನೀರಿನಡಿ ಉಸಿರಾಡಲು ಬೆನ್ನಿಗೆ ಗಾಳಿಯ ಜೋಡಿ ಟ್ಯಾಂಕ್ ಕಟ್ಟಿಕೊಂಡು ಇಳಿಯುವವರ ದೂರು ಹೆಚ್ಚಾಗಿ ಒಂದೇ: "ಎರಡು ಟ್ಯಾಂಕ್ ಇದ್ದೂ ಒಂದರಷ್ಟೇ ಬಂತು." ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಬೋಟಿನ ಫ್ಯಾನಿಗೆ ಸುತ್ತಿದ ಬಲೆ ಬಿಡಿಸುವವರಿಂದಲೂ ಇದನ್ನೇ ಕೇಳುತ್ತೇನೆ. ಅಳಿವೆಯಲ್ಲಿ ಬಿದ್ದ ಔಟ್‌ಬೋರ್ಡ್ ಎಂಜಿನ್ ಹುಡುಕುವವರಿಂದಲೂ ಇದೇ ಮಾತು. ದೂರು ಬಂದ ಕೂಡಲೇ ಎಲ್ಲರೂ ಟ್ಯಾಂಕಿನ ಗಾಳಿಯನ್ನು ಬಾಯಿಗೆ ಹದವಾಗಿ ಕೊಡುವ ರೆಗ್ಯುಲೇಟರ್ ಬಿಚ್ಚಲು ಕೂರುತ್ತಾರೆ. ಅದು ಕೊನೆಯ ಕೆಲಸ. ಮೊದಲು ಗಾಳಿ ಎಲ್ಲಿದೆ ಎಂದು ನೋಡಬೇಕು. ಅದನ್ನು ನೀವೇ ಉಸಿರಾಡಿ ಮುಗಿಸಿರಬಹುದು, ಪಕ್ಕದ ಟ್ಯಾಂಕಿನಲ್ಲೇ ಸಿಕ್ಕಿಕೊಂಡಿರಬಹುದು, ಸೋರಿ ಹೋಗಿರಬಹುದು, ಇಲ್ಲವೇ ಶುರುವಿಗೇ ತುಂಬಿರಲಿಕ್ಕಿಲ್ಲ. ಹುಡುಕುವುದೂ ಈ ಕ್ರಮದಲ್ಲೇ ಇದ್ದರೆ ಕೆಲಸ ಬೇಗ ಮುಗಿಯುತ್ತದೆ.

ಒಂದು ಮಾತು ಈಗಲೇ. ಇಲ್ಲಿ ಹೇಳುವ ಪರೀಕ್ಷೆಗಳೆಲ್ಲ ದಡದಲ್ಲಿ ಮಾಡುವಂಥವು. ನೀರಿನಡಿ ಏನಾದರೂ ಸರಿ ಇಲ್ಲ ಅನ್ನಿಸಿದರೆ ಜೊತೆಗಾರನಿಗೆ ಸನ್ನೆ ಮಾಡಿ ಮೇಲೆ ಬನ್ನಿ. ಜೋಡಿ ಟ್ಯಾಂಕಿನ ತರಬೇತಿ ಆಗದವರು ಓದಿದ್ದನ್ನು ನಂಬಿ ಇಳಿಯಬಾರದು.

ಮೊದಲು ಲೆಕ್ಕ

ನಮ್ಮ ಕಡೆ ಜಾಸ್ತಿ ಕಾಣುವುದು 11.1 ಲೀಟರಿನ ಅಲ್ಯುಮಿನಿಯಂ ಟ್ಯಾಂಕ್. 80ರ ಟ್ಯಾಂಕ್ ಅಂತಾರಲ್ಲ, ಅದೇ. ಎರಡಕ್ಕೂ 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತುಂಬಿದರೆ 22.2 ಗುಣಿಸು 200, ಅಂದರೆ 4440 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟಬಾರದು ಎಂದಿಟ್ಟುಕೊಂಡರೆ ಕೈಗೆ ಸಿಗುವುದು 3330 ಲೀಟರ್. ಅಂದ ಹಾಗೆ ಇದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಮಾಮೂಲಿ ಗಾಳಿಯನ್ನೇ ಒತ್ತಿ ತುಂಬಿದ್ದು. ದಡದಲ್ಲಿ ನಿಂತು ನೋಡುವವರು ಎಷ್ಟು ಹೇಳಿದರೂ ಆಕ್ಸಿಜನ್ ಸಿಲಿಂಡರ್ ಅನ್ನುವುದನ್ನು ಬಿಡುವುದಿಲ್ಲ.

ಆರಾಮಾಗಿ ಈಜುವವನಿಗೆ ಮೇಲ್ಮೈಯಲ್ಲಿ ನಿಮಿಷಕ್ಕೆ ಸುಮಾರು 20 ಲೀಟರ್ ಗಾಳಿ ಬೇಕು. ಹತ್ತು ಮೀಟರ್ ಕೆಳಗೆ ಒತ್ತಡ ಎರಡು ಪಟ್ಟು, ಹಾಗಾಗಿ 40 ಲೀಟರ್. ಈ ಲೆಕ್ಕಕ್ಕೆ 3330 ಲೀಟರ್ 83 ನಿಮಿಷ ಬರಬೇಕು. ಆದರೆ ಫ್ಯಾನಿಗೆ ಸುತ್ತಿದ ನೈಲಾನ್ ಹಗ್ಗವನ್ನು ಚೂರಿಯಲ್ಲಿ ಕೊಯ್ಯುತ್ತಿರುವವನು ಆರಾಮಾಗಿ ಉಸಿರಾಡುವುದಿಲ್ಲ. ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ತೆರೆಯ ಹೊಡೆತ ತಡೆದುಕೊಂಡು ಕೆಲಸ ಮಾಡುವಾಗ ನಿಮಿಷಕ್ಕೆ 40 ಲೀಟರ್ ಸುಲಭವಾಗಿ ದಾಟುತ್ತದೆ. ಹತ್ತು ಮೀಟರಿನಲ್ಲಿ ಅದು 80 ಆಯಿತು. ಅದೇ ಗಾಳಿ 41 ನಿಮಿಷಕ್ಕೆ ಮುಗಿಯುತ್ತದೆ. ಟ್ಯಾಂಕಿನಲ್ಲಿ ದೋಷವೇ ಇಲ್ಲ.

ಆದ್ದರಿಂದ ಇಳಿದ ಹೊತ್ತು, ಹತ್ತಿದ ಹೊತ್ತು, ಆಳ, ಮೊದಲಿನ ಬಾರ್, ಕೊನೆಯ ಬಾರ್ ಬರೆದುಕೊಳ್ಳಿ. ಖರ್ಚಾದ ಬಾರನ್ನು 22.2ರಿಂದ ಗುಣಿಸಿ, ನಿಮಿಷದಿಂದ ಭಾಗಿಸಿ, ಆಮೇಲೆ ಆ ಆಳದ ಒತ್ತಡದಿಂದ ಭಾಗಿಸಿ. ಹತ್ತು ಮೀಟರಿಗೆ 2, ಇಪ್ಪತ್ತಕ್ಕೆ 3. ಬಂದ ಅಂಕಿ 15ರಿಂದ 45ರ ಒಳಗಿದ್ದರೆ ಅದು ನಿಮ್ಮ ಶ್ವಾಸಕೋಶದ ಖರ್ಚು. 70, 80 ಬಂದರೆ ಮಾತ್ರ ಮುಂದೆ ಹುಡುಕಿ. ಅಂಕಿ ತೀರಾ ಚಿಕ್ಕದಾಗಿ ಬಂದರೂ ಅನುಮಾನಪಡಿ. ಯಾಕೆ ಅನ್ನುವುದು ಮುಂದಿನ ಭಾಗದಲ್ಲಿ ಉಂಟು.

ಗಾಳಿ ಎರಡು ಪಟ್ಟಾಯಿತು ಅಂತ ಕೆಳಗೆ ಇರಬಹುದಾದ ಹೊತ್ತು ಎರಡು ಪಟ್ಟಾಗುವುದಿಲ್ಲ. ಒಂದು ಟ್ಯಾಂಕಿನವನನ್ನು ಗಾಳಿಯೇ ಮೇಲೆ ಕಳಿಸುತ್ತದೆ. ಎರಡು ಟ್ಯಾಂಕಿನವನು ರಕ್ತಕ್ಕೆ ಸೇರುವ ಸಾರಜನಕದ ಮಿತಿ ದಾಟುವವರೆಗೂ ಕೆಳಗೇ ಇರಬಲ್ಲ. ಗಾಳಿ ಹಾಕಿಕೊಂಡು 18 ಮೀಟರಿಗೆ ಇಳಿದರೆ, ನಡುವೆ ನಿಲ್ಲದೆ ಮೇಲೆ ಬರಬಹುದಾದ ಮಿತಿ ಸುಮಾರು 55 ನಿಮಿಷ. 30 ಮೀಟರಿನಲ್ಲಿ 20 ನಿಮಿಷ ಅಷ್ಟೇ. ನಮ್ಮ ದಡದ ಹತ್ತಿರ ನೀರು ಆಳವಿಲ್ಲ ಎಂದು ಈ ಮಿತಿಯನ್ನು ಮರೆಯುವವರು ಮುರ್ಡೇಶ್ವರದ ಆಚೆ ನೇತ್ರಾಣಿಯಂಥ ಕಡೆ ಹೋದಾಗ ನೆನಪಿಟ್ಟುಕೊಳ್ಳಬೇಕು.

"ಗೇಜಿನಲ್ಲಿ ಗಾಳಿ ಉಂಟು, ಬಾಯಿಗೆ ಬರುತ್ತಿಲ್ಲ"

ಅತಿ ಅಪಾಯದ ದೋಷ ಇದು. ಪತ್ತೆ ಮಾಡುವುದು ಮಾತ್ರ ಬಹಳ ಸುಲಭ.

ಜೋಡಿ ಟ್ಯಾಂಕಿನ ತಲೆ ಮೇಲೆ ಅಡ್ಡಪೈಪ್ ಇರುತ್ತದೆ. ಅದಕ್ಕೆ ಮ್ಯಾನಿಫೋಲ್ಡ್ ಅನ್ನುತ್ತಾರೆ. ಎಡಕ್ಕೊಂದು ವಾಲ್ವ್, ಬಲಕ್ಕೊಂದು ವಾಲ್ವ್, ಮಧ್ಯೆ ಐಸೊಲೇಟರ್ ಎಂಬ ನಡು ವಾಲ್ವ್. ಮನೆಯ ಮೇಲೆ ಅಕ್ಕಪಕ್ಕ ಇಟ್ಟ ಎರಡು ನೀರಿನ ಟ್ಯಾಂಕಿಗೆ ನಡುವೆ ಪೈಪ್ ಜೋಡಿಸಿ ಗೇಟ್ ವಾಲ್ವ್ ಹಾಕಿದ ಹಾಗೆ. ನಡು ವಾಲ್ವ್ ತೆರೆದಿದ್ದರೆ ಎರಡೂ ಒಂದೇ ಟ್ಯಾಂಕ್. ಮುಚ್ಚಿದ್ದರೆ ಬೇರೆ ಬೇರೆ.

ಸಾಮಾನ್ಯವಾಗಿ ಉಸಿರಾಡುವ ರೆಗ್ಯುಲೇಟರ್ ಬಲ ವಾಲ್ವಿನಲ್ಲಿರುತ್ತದೆ. ಒತ್ತಡದ ಗೇಜ್ ಮತ್ತು ಕುತ್ತಿಗೆಗೆ ಕಟ್ಟಿಕೊಳ್ಳುವ ಎರಡನೇ ರೆಗ್ಯುಲೇಟರ್ ಎಡಕ್ಕೆ. ಈಗ ನಡು ವಾಲ್ವ್ ಮುಚ್ಚಿದೆ ಅಂದುಕೊಳ್ಳಿ. ನೀವು ಖರ್ಚು ಮಾಡುವುದು ಬಲ ಟ್ಯಾಂಕಿನ ಗಾಳಿ, ಗೇಜ್ ತೋರಿಸುವುದು ಎಡ ಟ್ಯಾಂಕಿನದ್ದು. ಮುಳ್ಳು ಕದಲುವುದೇ ಇಲ್ಲ. "ಇವತ್ತು ಗಾಳಿ ಚೆನ್ನಾಗಿ ಬಾಳಿಕೆ ಬರುತ್ತಿದೆ" ಎಂದು ಖುಷಿಪಟ್ಟುಕೊಂಡು ಇರುವಾಗಲೇ ಬಾಯಿಗೆ ಗಾಳಿ ನಿಲ್ಲುತ್ತದೆ. ಲೆಕ್ಕದ ಅಂಕಿ ತೀರಾ ಚಿಕ್ಕದಾದರೆ ಅನುಮಾನಪಡಿ ಅಂದದ್ದು ಇದಕ್ಕೇ.

ಶಿರಿಯ ಅಳಿವೆಯ ದಡದಲ್ಲಿ ನಡೆದದ್ದು ಇದು. ಎಂಜಿನ್ ಹುಡುಕಲು ಇಳಿದ ಹುಡುಗ ಸ್ವಲ್ಪ ಹೊತ್ತಿಗೇ ಮೇಲೆ ಬಂದ.

"ಅಣ್ಣಾ, ಗಾಳಿ ಬರುವುದಿಲ್ಲ. ಮುಳ್ಳು ಇನ್ನೂ 200ರಲ್ಲೇ ಉಂಟು. ರೆಗ್ಯುಲೇಟರ್ ಹೋಗಿದೆ, ಅಲ್ವಾ?"

"ರೆಗ್ಯುಲೇಟರ್ ಬಿಡು ಮಾರಾಯ. ಆ ನಡು ವಾಲ್ವ್ ತಿರುಗಿಸು, ನೋಡುವ."

ತಿರುಗಿಸಿದ ಕೂಡಲೇ ಅಡ್ಡಪೈಪಿನೊಳಗೆ ಸುಯ್ ಎಂದು ಸದ್ದು. ಗೇಜಿನ ಮುಳ್ಳು ಕಣ್ಣೆದುರೇ ಇಳಿದು 105ರ ಹತ್ತಿರ ನಿಂತಿತು. ಒಂದರಲ್ಲಿ 200, ಇನ್ನೊಂದರಲ್ಲಿ ಬರೀ 10 ಇದ್ದದ್ದು ಸಮ ಆಯಿತು. ಗಾಳಿ ತುಂಬಿಸುವಾಗ ನಡು ವಾಲ್ವ್ ಮುಚ್ಚಿಕೊಂಡೇ ಎಡಗಡೆಯಿಂದ ತುಂಬಿಸಿದ್ದರು. ಇಳಿಯುವಾಗ ಬಲ ಟ್ಯಾಂಕಿನಲ್ಲಿ ಹಿಂದಿನ ಸಲ ಉಳಿದ 40 ಬಾರ್ ಮಾತ್ರ ಇತ್ತು. ಅಂದರೆ 440 ಲೀಟರ್. ಹತ್ತು ಮೀಟರ್ ಆಳದಲ್ಲಿ ಆರಾಮಾಗಿ ಉಸಿರಾಡಿದರೂ ಅದು 11 ನಿಮಿಷ ಬಾರದು.

ಈ ಸುಯ್ ಸದ್ದೇ ಪರೀಕ್ಷೆ. ತುಂಬಿಸಿ ತಂದ ಜೋಡಿಯ ನಡು ವಾಲ್ವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಮೊದಲ ಸಲ ಮುಟ್ಟಿದಾಗಲೇ ಸದ್ದು ಬಂದರೆ ಎರಡು ಕಡೆ ಒತ್ತಡ ಬೇರೆ ಬೇರೆ ಇತ್ತು ಎಂದು ಅರ್ಥ. ನಂತರದ ಪರೀಕ್ಷೆ: ಮೂರೂ ವಾಲ್ವ್ ತೆರೆದಿಟ್ಟು, ಬಲಗಡೆಯ ರೆಗ್ಯುಲೇಟರಿನ ಗುಂಡಿ ಒತ್ತಿ ಗಾಳಿ ಬಿಡುತ್ತಾ ಎಡಗಡೆಯ ಗೇಜ್ ನೋಡಿ. ಮುಳ್ಳು ನಿಧಾನಕ್ಕೆ ಇಳಿಯಬೇಕು. ಇಳಿಯದಿದ್ದರೆ ಎರಡು ಕಾರಣ ಇರಬಹುದು, ನಡು ವಾಲ್ವ್ ಮುಚ್ಚಿದೆ ಅಥವಾ ಎಡ ವಾಲ್ವ್ ಮುಚ್ಚಿದೆ. ಎರಡನೇ ರೆಗ್ಯುಲೇಟರಿನಿಂದ ನಾಲ್ಕೈದು ಉಸಿರು ಎಳೆದು ನೋಡಿ. ಮುಳ್ಳು ದಡಕ್ಕನೆ ಸೊನ್ನೆಗೆ ಬಿದ್ದರೆ ಎಡ ವಾಲ್ವ್ ಮುಚ್ಚಿದೆ, ನೀವು ನೋಡುತ್ತಿದ್ದದ್ದು ಹೋಸಿನೊಳಗೆ ಸಿಕ್ಕಿಕೊಂಡಿದ್ದ ಒತ್ತಡ. ಉಸಿರು ಸರಾಗವಾಗಿ ಬಂದರೆ ಎಡ ವಾಲ್ವ್ ಸರಿ ಇದೆ, ನಡುವಿನದ್ದು ಮುಚ್ಚಿದೆ.

ಎಡ ವಾಲ್ವ್ ತಾನಾಗಿ ಹೇಗೆ ಮುಚ್ಚುತ್ತದೆ ಎಂದು ಕೇಳಬಹುದು. ಬೋಟಿನ ಅಡಿಯಲ್ಲಿ ಕೆಲಸ ಮಾಡುವವರಿಗೆ ಇದು ಆಗಾಗ ಆಗುತ್ತದೆ. ಬೆನ್ನು ಮೇಲಾಗಿ ಮುಂದೆ ಹೋಗುವಾಗ ವಾಲ್ವಿನ ಹಿಡಿ ಬೋಟಿನ ತಳಕ್ಕೆ ಉಜ್ಜುತ್ತದೆ. ಆಗ ಬಲಗಡೆಯದ್ದು ತೆರೆಯುವ ದಿಕ್ಕಿಗೆ ಉರುಳಿದರೆ ಎಡಗಡೆಯದ್ದು ಮುಚ್ಚುವ ದಿಕ್ಕಿಗೆ ಉರುಳುತ್ತದೆ. ಎರಡೂ ಹಿಡಿಗಳು ಹೊರಮುಖ ಇರುವುದರಿಂದ ಹೀಗೆ. ತಳಕ್ಕೆ ತಾಗಿದ ಅನುಭವ ಆದಾಗಲೆಲ್ಲ ಕೈ ಹಿಂದೆ ಹಾಕಿ ಎಡ ವಾಲ್ವ್ ಮುಟ್ಟಿ ನೋಡುವುದು ಅಭ್ಯಾಸ ಆಗಬೇಕು. ಕೈ ಅಲ್ಲಿಗೆ ತಲುಪುವುದಿಲ್ಲ ಅನ್ನುವವರು ಪಟ್ಟಿ ಸಡಿಲಿಸಿ ಟ್ಯಾಂಕನ್ನು ಸ್ವಲ್ಪ ಮೇಲೆ ಏರಿಸಿಕೊಳ್ಳಿ. ಆಗಲೂ ತಲುಪದಿದ್ದರೆ ಜೋಡಿ ಟ್ಯಾಂಕ್ ನಿಮಗಲ್ಲ.

ಮ್ಯಾನಿಫೋಲ್ಡ್ ಇಲ್ಲದೆ ಎರಡು ಟ್ಯಾಂಕನ್ನು ಸುಮ್ನೆ ಬೆಲ್ಟಿನಲ್ಲಿ ಕಟ್ಟಿಕೊಂಡವರಿಗೆ ಈ ತೊಂದರೆ ಇಲ್ಲ. ಅವರಿಗೆ ಎರಡು ಗೇಜ್ ಬೇಕು, ಒತ್ತಡ 30–40 ಬಾರ್ ಇಳಿದಾಗಲೊಮ್ಮೆ ರೆಗ್ಯುಲೇಟರ್ ಬದಲಿಸಬೇಕು. ಬದಲಿಸಲು ಮರೆತದ್ದೇ ಅವರ ಮುಖ್ಯ ದೋಷ.

"ತುಂಬಿಸಿದ್ದು 200, ಬೆಳಿಗ್ಗೆ ನೋಡಿದರೆ 180"

ಸೋರಿಕೆ ಎಂದು ಓಡಬೇಡಿ. ಬೇಗ ಬೇಗ ತುಂಬಿಸಿದ ಟ್ಯಾಂಕ್ ಬಿಸಿಯಾಗುತ್ತದೆ. ಒಳಗಿನ ಗಾಳಿ 60 ಡಿಗ್ರಿ ಇದ್ದಾಗ 200 ತೋರಿಸಿದ್ದು, 28 ಡಿಗ್ರಿಗೆ ತಣಿದ ಮೇಲೆ 180ರ ಹತ್ತಿರ ನಿಲ್ಲುತ್ತದೆ. ತಣಿದ ಮೇಲೆ ಮುಳ್ಳು ಇನ್ನಷ್ಟು ಇಳಿಯುವುದಿಲ್ಲ, ಅದೇ ಗುರುತು. ಸೋರಿಕೆಯಾದರೆ ಇಳಿಯುತ್ತಲೇ ಇರುತ್ತದೆ.

ನಡು ವಾಲ್ವ್ ಅರ್ಧಂಬರ್ಧ ತೆರೆದಿದ್ದರೂ ಹೀಗಾಗುತ್ತದೆ. ತುಂಬಿಸುವ ವೇಗಕ್ಕೆ ಒಂದು ಕಡೆ ಮುಂದೆ ಹೋಗಿರುತ್ತದೆ, ಆಮೇಲೆ ನಿಧಾನಕ್ಕೆ ಸಮ ಆಗುತ್ತದೆ. ಹೆದ್ದಾರಿ 66ರಲ್ಲಿ ವ್ಯಾನಿನ ಹಿಂದೆ ಕುಲುಕಿಕೊಂಡು ಬಂದ ಟ್ಯಾಂಕಿನ ಹಿಡಿಗಳು ಹೊರಡುವಾಗ ಇದ್ದ ಜಾಗದಲ್ಲೇ ಇರುತ್ತವೆ ಎಂದು ನಂಬುವುದೂ ಬೇಡ.

ನಿಜವಾದ ಸೋರಿಕೆಯ ಅನುಮಾನ ಇದ್ದರೆ ಹೀಗೆ ಹುಡುಕಿ. ರೆಗ್ಯುಲೇಟರ್ ಜೋಡಿಸಿ, ಎಲ್ಲ ವಾಲ್ವ್ ತೆರೆದು ಒತ್ತಡ ತುಂಬಲಿ. ಈಗ ಎಡ, ಬಲ ಎರಡೂ ವಾಲ್ವ್ ಮುಚ್ಚಿ. ಹೋಸಿನೊಳಗೆ ಇರುವ ಗಾಳಿ ಬಹಳ ಸ್ವಲ್ಪ, ಹಾಗಾಗಿ ಕೂದಲೆಳೆಯಷ್ಟು ಸೋರಿದರೂ ಗೇಜಿನ ಮುಳ್ಳು ಬೇಗ ಇಳಿಯುತ್ತದೆ. ಕಾಲು ಗಂಟೆ ನಿಂತ ಮುಳ್ಳು ನಿಂತೇ ಇದ್ದರೆ ಎಡಗಡೆಯ ರೆಗ್ಯುಲೇಟರ್, ಹೋಸು, ಗೇಜ್ ಎಲ್ಲ ಸರಿ. ಬಲಗಡೆಗೆ ಗೇಜ್ ಇಲ್ಲ. ಗೇಜಿರುವ ರೆಗ್ಯುಲೇಟರನ್ನು ಬಲಕ್ಕೂ, ಬಲದ್ದನ್ನು ಎಡಕ್ಕೂ ಹಾಕಿ ನೋಡಿದರೆ ವಾಲ್ವಿನ ದೋಷವೋ ರೆಗ್ಯುಲೇಟರಿನದ್ದೋ ಎಂದು ಬೇರೆ ಮಾಡಬಹುದು. ದೋಷ ರೆಗ್ಯುಲೇಟರಿನ ಜೊತೆ ಜಾಗ ಬದಲಿಸಿದರೆ ಅದು ರೆಗ್ಯುಲೇಟರಿನದ್ದು, ಇದ್ದಲ್ಲೇ ಉಳಿದರೆ ವಾಲ್ವಿನದ್ದು.

ಅದಾದ ಮೇಲೆ ರೆಗ್ಯುಲೇಟರ್ ಕಳಚಿ, ಮೂರೂ ವಾಲ್ವ್ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದೊಂದು ಕಡೆಯನ್ನೂ ಬೇರೆಯಾಗಿ ಅಳೆಯಿರಿ. ಯಾವ ಕಡೆ ಇಳಿದಿದೆಯೋ ಆ ಕಡೆಯ ವಾಲ್ವ್ ಕಾಂಡ, ಟ್ಯಾಂಕಿನ ಕುತ್ತಿಗೆಯ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಅಡ್ಡಪೈಪ್ ಸೇರುವ ಜಾಗಕ್ಕೆ ಸಾಬೂನು ನೀರು ಹಚ್ಚಿ ನೋಡಿ. ಇನ್ನೂ ಒಳ್ಳೆಯದು, ತೋಟಕ್ಕೆ ನೀರು ಬಿಡುವ ಸಿಮೆಂಟ್ ಟ್ಯಾಂಕಿಗೆ ಜೋಡಿಯನ್ನೇ ಇಳಿಸುವುದು. ಅಡಿಕೆ ತೋಟ ಇರುವ ಮನೆಗಳಲ್ಲಿ ಅದಕ್ಕೇನೂ ಕೊರತೆ ಇಲ್ಲ. ನೀರು ತಿಳಿಯಾಗಿದ್ದರೆ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಬೆರಳಿಟ್ಟು ತೋರಿಸಬಹುದು.

ಗುಳ್ಳೆ ಕಂಡ ಕೂಡಲೇ ಕಳ್ಳ ಸಿಕ್ಕಿದ ಎಂದುಕೊಳ್ಳಬೇಡಿ. ಸೆಕೆಂಡಿಗೆ ಒಂದರಂತೆ 8 ಮಿಲಿಮೀಟರ್ ಗಾತ್ರದ ಗುಳ್ಳೆ ಎದ್ದರೆ ದಿನಕ್ಕೆ ಸುಮಾರು 23 ಲೀಟರ್ ಆಯಿತು. ಜೋಡಿ ಟ್ಯಾಂಕಿನಲ್ಲಿ ಅದು 1 ಬಾರ್. ಅದನ್ನು ರಿಪೇರಿ ಮಾಡಿಸಬೇಕು ನಿಜ. ಆದರೆ ರಾತ್ರೋರಾತ್ರಿ 80 ಬಾರ್ ಹೋದದ್ದಕ್ಕೆ ಅದು ಕಾರಣ ಅಲ್ಲ.

ಅಡ್ಡಪೈಪಿನ ಎರಡು ತುದಿಯಲ್ಲಿ ಗುಳ್ಳೆ ಬಂದರೆ ಟ್ಯಾಂಕನ್ನು ಹೊತ್ತವರು ಯಾರು ಎಂದು ಕೇಳಿ. ಬೋಟಿಗೆ ಹತ್ತಿಸುವಾಗ ಕೈಗೆ ಸಿಕ್ಕಿದ ಹಿಡಿಕೆ ಎಂದು ಎಲ್ಲರೂ ಅಡ್ಡಪೈಪನ್ನೇ ಹಿಡಿದು ಎತ್ತುತ್ತಾರೆ. ಟ್ಯಾಂಕ್ ಕಟ್ಟಿದ ಸ್ಟೀಲ್ ಪಟ್ಟಿ ಸ್ವಲ್ಪ ಸಡಿಲ ಇದ್ದರೆ ಎರಡು ಟ್ಯಾಂಕ್ ಬೇರೆ ಬೇರೆ ತಿರುಚಿಕೊಂಡು ಪೈಪಿನ ತುದಿಯ ಓ-ರಿಂಗ್ ಕಚ್ಚುತ್ತದೆ. ಮೊದಲು ಪಟ್ಟಿಯ ಬೋಲ್ಟ್ ನೋಡಿ. ಅದು ಸಡಿಲ ಇದ್ದಷ್ಟು ದಿನ ಎಷ್ಟು ಓ-ರಿಂಗ್ ಹಾಕಿದರೂ ಅಷ್ಟೇ. ಮತ್ತೆ, ಒತ್ತಡ ತುಂಬಿರುವಾಗ ಮ್ಯಾನಿಫೋಲ್ಡಿಗೆ ಸ್ಪ್ಯಾನರ್ ಹಾಕುವ ಧೈರ್ಯ ಬೇಡವೇ ಬೇಡ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಬಲ್ಲವರ ಕೈಗೇ ಕೊಡಿ.

ತಲೆಯ ಹಿಂದೆ ಬುಸುಗುಟ್ಟುವ ಸದ್ದು

ನೀರಿನಡಿ ಹಿಂದಿನಿಂದ ಜೋರಾಗಿ ಗುಳ್ಳೆ ಸದ್ದು ಬಂದರೆ ಯಾವ ಕಡೆ ಎಂದು ಕಣ್ಣಿಗೆ ಕಾಣುವುದಿಲ್ಲ. ಯಾವ ವಾಲ್ವ್ ಮೊದಲು ಮುಚ್ಚಬೇಕು ಎಂಬುದರಲ್ಲಿ ಕಲಿಸುವವರಲ್ಲೇ ಎರಡು ಪಂಗಡ. ಮೊದಲು ನಡು ವಾಲ್ವ್ ಮುಚ್ಚಿ ಅರ್ಧ ಗಾಳಿ ಉಳಿಸಿಕೊಳ್ಳಿ ಎಂದು ಕೆಲವರು. ಮೊದಲು ಅನುಮಾನ ಇರುವ ಕಡೆಯ ವಾಲ್ವ್ ಮುಚ್ಚಿ, ನಿಲ್ಲದಿದ್ದರೆ ಮಾತ್ರ ನಡುವಿನದ್ದು ಎಂದು ಇನ್ನು ಕೆಲವರು. ನಿಮಗೆ ಕಲಿಸಿದ್ದು ಯಾವುದೋ ಅದನ್ನೇ ಮಾಡಿ, ನಿಮ್ಮ ಜೊತೆಗಾರನೂ ಅದನ್ನೇ ಕಲಿತಿರಲಿ.

ದಡಕ್ಕೆ ಬಂದ ಮೇಲೆ ಸುಳಿವು ಕೊಡುವುದು ಯಾವ ವಾಲ್ವ್ ಮುಚ್ಚಿದಾಗ ಸದ್ದು ನಿಂತಿತು ಎಂಬುದೇ. ಬಲ ಮುಚ್ಚಿದಾಗ ನಿಂತರೆ ಬಲದ ರೆಗ್ಯುಲೇಟರ್ ಅಥವಾ ಅದರ ಹೋಸು. ಎಡಕ್ಕೂ ಇದೇ ಲೆಕ್ಕ. ಎರಡು ಮುಚ್ಚಿದರೂ ನಿಲ್ಲದೆ, ನಡು ವಾಲ್ವ್ ಮುಚ್ಚಿದ ಮೇಲೆ ಒಂದು ಕಡೆಯ ಗಾಳಿ ಮಾತ್ರ ಹೋಗುತ್ತಿದ್ದರೆ ಅದು ಮ್ಯಾನಿಫೋಲ್ಡಿನದ್ದು ಅಥವಾ ಟ್ಯಾಂಕಿನ ಕುತ್ತಿಗೆಯದ್ದು. ಅಮೆರಿಕನ್ ಮಾದರಿಯ ವಾಲ್ವಿನಲ್ಲಿ ಒತ್ತಡ ಮೀರಿದರೆ ಒಡೆಯುವ ತೆಳು ತಗಡು ಇರುತ್ತದೆ. ಅದು ಸವೆದು ಸೋರುವುದೂ ಉಂಟು.

ವಾಲ್ವಿಗೆ ರೆಗ್ಯುಲೇಟರನ್ನು ಸ್ಕ್ರೂ ಹಿಡಿಯಿಂದ ಬಿಗಿಯುವ ಹಳೇ ಕ್ಲ್ಯಾಂಪ್ ಮಾದರಿಯಾದರೆ ಮೊದಲ ಅನುಮಾನ ನಡುವಿನ ಓ-ರಿಂಗ್ ಮೇಲೆ. ಬೋಟಿನ ತಳಕ್ಕೆ ಒಂದು ಪೆಟ್ಟು ಬಿದ್ದರೆ ಅದು ಹೊರಕ್ಕೆ ಜಾರುತ್ತದೆ. ಜೋಡಿ ಟ್ಯಾಂಕಿಗೆ ಥ್ರೆಡ್ ಇರುವ ಡಿನ್ ಮಾದರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಅದರ ಓ-ರಿಂಗ್ ಒಳಗೆ ಸಿಕ್ಕಿಕೊಂಡಿರುತ್ತದೆ.

ಎಳೆದರೂ ಸಾಲದು, ಬಿಟ್ಟರೂ ನಿಲ್ಲದು

ಉಸಿರು ಎಳೆದಾಗಲೆಲ್ಲ ಗೇಜಿನ ಮುಳ್ಳು ಕೆಳಗೆ ಹೋಗಿ ಮತ್ತೆ ಮೇಲೆ ಬಂದರೆ ವಾಲ್ವ್ ಪೂರ್ತಿ ತೆರೆದಿಲ್ಲ. ರೆಗ್ಯುಲೇಟರಿಗೆ ಎರಡು ಭಾಗ: ವಾಲ್ವಿಗೆ ಕೂರುವುದು ಫಸ್ಟ್ ಸ್ಟೇಜ್, ಬಾಯಲ್ಲಿಡುವುದು ಸೆಕೆಂಡ್ ಸ್ಟೇಜ್. ವಾಲ್ವ್ ಪೂರ್ತಿ ತೆರೆದರೂ ಮುಳ್ಳು ಕುಣಿಯುತ್ತಿದ್ದರೆ ಫಸ್ಟ್ ಸ್ಟೇಜಿನ ಬಾಯಲ್ಲಿರುವ ಫಿಲ್ಟರ್ ಕಟ್ಟಿಕೊಂಡಿದೆ. ಮುಳ್ಳಿನ ಕುಣಿತ ಕಾಣಬೇಕಾದರೆ ಗೇಜ್ ಇರುವ ಕಡೆಯಿಂದಲೇ ಉಸಿರಾಡಬೇಕು, ನೆನಪಿರಲಿ.

ಬಾಯಿಂದ ತೆಗೆದರೆ ಗಾಳಿ ಸುರಿಯುತ್ತಲೇ ಇದ್ದರೆ ಮೊದಲು ಬಾಯಿಯ ಭಾಗವನ್ನು ಕೆಳಮುಖ ಮಾಡಿ ನೀರಿಗೆ ಹಿಡಿಯಿರಿ. ನಿಂತರೆ ದೋಷವೇ ಅಲ್ಲ. ನಿಲ್ಲದಿದ್ದರೆ ಅದು ಯಾವ ಸ್ಟೇಜಿನದ್ದು ಎಂದು ತಿಳಿಯಲು ಚಿಕ್ಕ ಒತ್ತಡದ ಗೇಜ್ ಬೇಕು. ತೇಲಲು ಕಟ್ಟಿಕೊಳ್ಳುವ ಜಾಕೆಟ್ ಅಥವಾ ವಿಂಗಿಗೆ (ಗಾಳಿಚೀಲ) ಗಾಳಿ ತುಂಬುವ ಹೋಸಿಗೆ ಅದನ್ನು ಸಿಕ್ಕಿಸಿದರೆ ಫಸ್ಟ್ ಸ್ಟೇಜ್ ಕೊಡುವ ಒತ್ತಡ ಕಾಣುತ್ತದೆ. ಹೆಚ್ಚಿನವುಗಳಲ್ಲಿ ಅದು 9ರಿಂದ 10 ಬಾರ್. ಒಂದು ಉಸಿರು ಎಳೆದು ಬಿಟ್ಟ ಮೇಲೆ ಅಲ್ಲೇ ನಿಂತರೆ ಫಸ್ಟ್ ಸ್ಟೇಜ್ ಸರಿ, ಸೆಕೆಂಡ್ ಸ್ಟೇಜ್ ನೋಡಿಸಿ. 10, 11, 12 ಎಂದು ಮೆಲ್ಲನೆ ಏರುತ್ತಾ ಹೋದರೆ ಫಸ್ಟ್ ಸ್ಟೇಜಿನ ಸೀಟ್ ಸವೆದಿದೆ. ಸೆಕೆಂಡ್ ಸ್ಟೇಜನ್ನು ಎಷ್ಟು ಬಿಗಿದರೂ ಪ್ರಯೋಜನ ಇಲ್ಲ.

ನಮ್ಮಲ್ಲಿ ಇಂಥ ದೂರು ಆಗಸ್ಟಿನಲ್ಲಿ ಜಾಸ್ತಿ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ. ತಲಪಾಡಿ ಗೇಟಿನ ಆಚೆ ಕರ್ನಾಟಕದಲ್ಲಿ ಜೂನ್ 1ಕ್ಕೇ ಶುರು. ಬೋಟು ನಿಂತರೆ ನಮ್ಮ ಕೆಲಸವೂ ನಿಲ್ಲುತ್ತದೆ, ಉಪ್ಪುನೀರು ಕಂಡ ರೆಗ್ಯುಲೇಟರ್ ಮಳೆಗಾಲವಿಡೀ ಶೆಡ್ಡಿನಲ್ಲಿ ಕೂರುತ್ತದೆ. ಸಿಹಿನೀರಿನಲ್ಲಿ ತೊಳೆಯುವಾಗ ಮುಚ್ಚಳ ಹಾಕದೆ ಅದ್ದಿದ್ದರೆ ಒಳಗೆ ನೀರು ಹೋಗಿ ಹಸಿರು ಕಿಲುಬು ಕಟ್ಟುತ್ತದೆ. ಸರ್ವಿಸ್ ಮಾಡಿಸಲು ಮೇ ಕೊನೆ ಸಲ್ಲದು, ಜುಲೈ ಕೊನೆಯೇ ಸರಿ.

"ಕೊನೆಕೊನೆಗೆ ಮೇಲಕ್ಕೆ ಎಳೆಯುತ್ತದೆ"

ಇದೂ ಗಾಳಿ ತಿನ್ನುವ ದೋಷವೇ, ಆದರೆ ಯಾರೂ ಇದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಜೋಡಿ ಟ್ಯಾಂಕಿನ ಗಾಳಿಗೇ 5 ಕೆಜಿಗಿಂತ ಜಾಸ್ತಿ ತೂಕ ಇದೆ. ಅಲ್ಯುಮಿನಿಯಂ ಟ್ಯಾಂಕ್ ತುಂಬಿದಾಗ ಮುಳುಗುತ್ತದೆ, ಖಾಲಿಯಾದಾಗ ಒಂದೊಂದೂ ಸುಮಾರು 2 ಕೆಜಿ ತೇಲುತ್ತದೆ. ಶುರುವಿನಲ್ಲಿ ಭಾರ ಸರಿ ಕಂಡಿತು ಎಂದು ಸೀಸದ ತೂಕ ಕಡಿಮೆ ಮಾಡಿದವನು ಕೊನೆಗೆ ಕೆಳಗೆ ಉಳಿಯಲು ಕಾಲು ಬಡಿಯುತ್ತಾ ಇರುತ್ತಾನೆ. ಅದರಿಂದಲೇ ಉಸಿರು ಏರಿ ಗಾಳಿ ಬೇಗ ಮುಗಿಯುತ್ತದೆ. ತೂಕ ಹೊಂದಿಸುವುದು ಯಾವಾಗಲೂ ಟ್ಯಾಂಕಿನಲ್ಲಿ 50 ಬಾರ್ ಉಳಿದಾಗ, ಎದೆಮಟ್ಟದ ನೀರಿನಲ್ಲಿ. ಅಳಿವೆಯ ನೀರಿಗೆ ಹೊಂದಿಸಿದ್ದು ಕಡಲಿಗೆ ಸಾಲುವುದಿಲ್ಲ, ಅಲ್ಲಿ ಇನ್ನೂ ಸ್ವಲ್ಪ ಸೀಸ ಬೇಕು.

ಫಿಲ್ಟರ್ ಬಣ್ಣ

ಫಸ್ಟ್ ಸ್ಟೇಜಿನ ಬಾಯಲ್ಲಿ ಕಾಣುವ ಪುಟ್ಟ ಲೋಹದ ಫಿಲ್ಟರನ್ನು ಟಾರ್ಚ್ ಹಾಕಿ ನೋಡಿ. ಹಸಿರಿದ್ದರೆ ನೀರು ಒಳಗೆ ಹೋಗಿದೆ. ಕೆಂಪು ಕಂದು ಇದ್ದರೆ ಸ್ಟೀಲ್ ಟ್ಯಾಂಕಿನ ಒಳಗೆ ತುಕ್ಕು. ಬಿಳಿ ಬೂದಿಯಂಥ ಪುಡಿ ಅಲ್ಯುಮಿನಿಯಂ ಟ್ಯಾಂಕಿನದ್ದು. ಕಪ್ಪಿದ್ದರೆ ಕಂಪ್ರೆಸರಿನ ಇದ್ದಿಲು ಅಥವಾ ಎಣ್ಣೆ, ಅಂಥ ಗಾಳಿಯನ್ನು ಉಸಿರಾಡಬೇಡಿ. ಎಡ ಬಲ ಎರಡೂ ಫಿಲ್ಟರ್ ನೋಡಬೇಕು. ಎರಡೂ ಒಂದೇ ಬಣ್ಣ ಇದ್ದರೆ ದೋಷ ತುಂಬಿಸಿದ ಕಡೆಯದ್ದು. ಒಂದರಲ್ಲಿ ಮಾತ್ರ ಇದ್ದರೆ ಆ ಬದಿಯ ಟ್ಯಾಂಕನ್ನು ಬಿಚ್ಚಿಸಿ ಒಳಗೆ ನೋಡಿಸಿ, ಜೊತೆಗೆ ಭುಜದ ಮೇಲೆ ಕೊರೆದ ಒತ್ತಡ ಪರೀಕ್ಷೆಯ ತಾರೀಕನ್ನೂ ಓದಿ. ಐದು ವರ್ಷ ದಾಟಿದ್ದರೆ ಗಾಳಿ ತುಂಬಿಸುವ ಮೊದಲೇ ಪರೀಕ್ಷೆಗೆ ಕಳಿಸಿ.